ಕರೆಂಟ್ ಎಲ್ಲಿ ನಿಂತಿತು: ತಾಲ್ಲೂಕು ಗ್ಯಾರೇಜಿನ ವಿದ್ಯೆಯ ಚರಿತ್ರೆ

ಬೈಕಿಗೆ ಕಂಪ್ಯೂಟರ್ ಬಂದ ಮೇಲೆ ಮಿಸ್ತ್ರಿಯ ವಿದ್ಯೆ ಮುಗಿಯಿತು ಎಂಬ ಮಾತು ಈಗ ಸಾಮಾನ್ಯವಾಗಿದೆ. ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕುಗಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಕಲಬುರಗಿಯಿಂದ ನಲವತ್ತು, ಅರವತ್ತು ಕಿಲೋಮೀಟರ್ ದೂರದ ಊರುಗಳಿವು. ಇಲ್ಲಿ ಹೊಲಕ್ಕೆ, ಸಂತೆಗೆ, ಕಾಲೇಜಿಗೆ, ಗಾಣಗಾಪುರದ ದರ್ಶನಕ್ಕೆ ಬೈಕೇ ಗತಿ. ದಾರಿಯಲ್ಲಿ ಗಾಡಿ ನಿಂತರೆ ಮೊದಲು ಸಿಗುವವನು ಕಂಪನಿಯ ತಂತ್ರಜ್ಞನಲ್ಲ, ರಸ್ತೆಬದಿಯ ಮಿಸ್ತ್ರಿ. ಅವನ ವಿದ್ಯೆ ನಿಜವಾಗಿಯೂ ಎಲ್ಲಿ, ಯಾವಾಗ ತುಂಡಾಯಿತು ಎಂದು ಹಿಂದಕ್ಕೆ ಹೋಗಿ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ತಪ್ಪು ಕಂಪ್ಯೂಟರಿನದಲ್ಲ. ಕಿಡಿಯ ದೋಷವನ್ನು ಕಾರಣ ಸಮೇತ ಹುಡುಕುವ ರೂಢಿ ಅದಕ್ಕೂ ಸುಮಾರು ಇಪ್ಪತ್ತು ವರ್ಷ ಮೊದಲೇ, ಸಿಡಿಐ ಎಂಬ ಮುಚ್ಚಿದ ಪೆಟ್ಟಿಗೆಯೊಂದಿಗೆ ಸಡಿಲವಾಗಿತ್ತು. ಕಂಪ್ಯೂಟರ್ ಆ ರೂಢಿಯನ್ನು ಮರಳಿ ತರುವ ಅವಕಾಶ ಕೊಟ್ಟಿದೆ. ನಾವು ಅದನ್ನು ಇನ್ನೂ ಬಳಸಿಕೊಂಡಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆಯ ಮೊದಲ ಪಾಠಶಾಲೆಯಾದದ್ದು ಮೈಸೂರಿನ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು, 1996ರಲ್ಲಿ ಬಾಗಿಲು ಮುಚ್ಚಿತು. ಪ್ಲಗ್ಗೂ ನಮ್ಮದೇ: 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಂಪನಿಯ ಹೆಸರು ಹಳ್ಳಿಯ ಬಾಯಿಯಲ್ಲೂ ಸ್ಪಾರ್ಕ್ ಪ್ಲಗ್ಗಿಗೆ ಅಂಟಿಕೊಂಡಿತು. ಜಾವಾದ ಬಲಬದಿಯ ಕವರ್ ಬಿಚ್ಚಿದರೆ ಇಗ್ನಿಷನ್ ವ್ಯವಸ್ಥೆಯ ಮುಖ್ಯ ಭಾಗ ಕಣ್ಣೆದುರಿಗೇ ಇರುತ್ತಿತ್ತು. ಕ್ಯಾಮ್ ತಿರುಗಿದಂತೆ ಪಾಯಿಂಟ್ ತೆರೆಯುತ್ತದೆ, ಕಾಯಿಲ್‌ಗೆ ಹೋಗುವ ಕರೆಂಟ್ ಕಡಿಯುತ್ತದೆ, ಆ ಕ್ಷಣದಲ್ಲೇ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ತೆರೆಯುವ ಅಂತರ ಸುಮಾರು 0.4 ಮಿಲಿಮೀಟರ್. ಫೀಲರ್ ಗೇಜ್ ಇಲ್ಲದವನು ಸಿಗರೇಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಅದು ಸಡಿಲಾಗುವ ಗಳಿಗೆ ನೋಡಿ ಟೈಮಿಂಗ್ ಕೂರಿಸುತ್ತಿದ್ದ. ಕಂಡೆನ್ಸರ್ ಕೆಟ್ಟರೆ ಪಾಯಿಂಟಿನ ಮೇಲೆ ಕಿಡಿ ಜೋರಾಗಿ ಚಿಮ್ಮುತ್ತಿತ್ತು, ಪ್ಲಗ್ಗಿನಲ್ಲಿ ಮಾತ್ರ ಸೊರಗಿದ ಹಳದಿ ಕಿಡಿ. ಗಾಡಿ ತನ್ನ ರೋಗವನ್ನು ತಾನೇ ತೋರಿಸುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಭಾರತದ ರಸ್ತೆಗೆ ಬಂದ ಮೊದಲ ನಿಜವಾದ ಸ್ಪೋರ್ಟ್ ಬೈಕು ಎನ್ನಬಹುದಾದ ರಾಜದೂತ್ 350 ಈ ವಿದ್ಯೆಯನ್ನು ಇನ್ನೊಂದು ಮೆಟ್ಟಿಲು ಏರಿಸಿತು. ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350ಯನ್ನು 1983ರಲ್ಲಿ ಆ ಹೆಸರಿನಲ್ಲಿ ಇಲ್ಲಿ ತಂದಿತು. ಎರಡು ಸಿಲಿಂಡರ್, ಎರಡು ಪಾಯಿಂಟ್, ಎರಡು ಕಂಡೆನ್ಸರ್, ಎರಡು ಕಾಯಿಲ್. ಒಂದು ಸಿಲಿಂಡರ್ ಸತ್ತರೆ ಎಡಬದಿಯ ಕಾಯಿಲನ್ನು ಬಲಕ್ಕೆ ಜೋಡಿಸಿ ನೋಡಬೇಕು. ದೋಷ ಕಾಯಿಲ್ ಜತೆ ಆಚೆಗೆ ಹೋದರೆ ಕಾಯಿಲ್ ಕೆಟ್ಟಿದೆ. ಇದ್ದಲ್ಲೇ ಉಳಿದರೆ ಪಾಯಿಂಟು, ಕಂಡೆನ್ಸರ್ ಇಲ್ಲವೆ ವೈರಿನ ಕಡೆ ಹೋಗಬೇಕು. ಇಲ್ಲಿ ಭಾಗ ಬದಲಿಸುವುದು ಗಾಡಿಗೇ ಹಾಕುವ ಪ್ರಶ್ನೆಯಾಗಿತ್ತು, ಮತ್ತು ಆ ಪ್ರಶ್ನೆಗೆ ಒಂದು ರೂಪಾಯಿ ಖರ್ಚಿರಲಿಲ್ಲ.

1985ರಲ್ಲಿ ಚಿತ್ರ ಬದಲಾಯಿತು. ಆ ವರ್ಷ ಬಂದ ಹೀರೋ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100 ಎರಡರಲ್ಲೂ ಪಾಯಿಂಟ್ ಇರಲಿಲ್ಲ, ಸಿಡಿಐ ಇತ್ತು. ಮ್ಯಾಗ್ನೆಟಿನ ಕಾಯಿಲ್ ಒಂದು ಕೆಪಾಸಿಟರನ್ನು ನೂರಾರು ವೋಲ್ಟಿಗೆ ತುಂಬುತ್ತದೆ, ಪಿಕಪ್ ಕಾಯಿಲ್ ಸಂಜ್ಞೆ ಕೊಟ್ಟ ಗಳಿಗೆಯಲ್ಲಿ ಅದು ಒಮ್ಮೆಲೇ ಖಾಲಿಯಾಗಿ ಕಿಡಿ ಹುಟ್ಟಿಸುತ್ತದೆ. ಸವೆಯುವ ಭಾಗವಿಲ್ಲ, ಕೂರಿಸಬೇಕಾದ ಗ್ಯಾಪ್ ಇಲ್ಲ. ಆದರೆ ಎಲ್ಲವೂ ಅಂಟಿನೊಳಗೆ ಹೂತುಹೋಗಿದೆ; ಬಿಚ್ಚಿ ನೋಡಲು ಏನೂ ಇಲ್ಲ. ಮಿಸ್ತ್ರಿಗೆ ಉಳಿದ ಸುಲಭ ದಾರಿ ಒಂದೇ: ಬೇರೆ ಸಿಡಿಐ ಹಾಕಿ ನೋಡುವುದು.

ಸಿಡಿಐ ಸವಾರನಿಗೆ ಉಪಕಾರವನ್ನೇ ಮಾಡಿತಲ್ಲ ಎಂದು ಕೇಳಬಹುದು. ಮಾಡಿತು, ಸಂಶಯವಿಲ್ಲ. ಆಗಾಗ ಪಾಯಿಂಟ್ ಉಜ್ಜಿಸಲು ಗ್ಯಾರೇಜಿಗೆ ಹೋಗುವ ಕಾಟ ತಪ್ಪಿತು. ತೊಗರಿ ಹೊಲಕ್ಕೆ ಹೊರಟ ರೈತನಿಗೆ ಅದು ದೊಡ್ಡ ನೆಮ್ಮದಿ. ನಷ್ಟವಾದದ್ದು ಹುಡುಕುವ ಕ್ರಮಕ್ಕೆ. ಬದಲಿಸಿ ನೋಡುವುದೂ ಒಂದು ಪರೀಕ್ಷೆಯೇ ಎಂಬ ವಾದವನ್ನೂ ಅರ್ಧ ಒಪ್ಪಬಹುದು, ಅದು ರಾಜದೂತ್ ಮಾದರಿಯ ಪರೀಕ್ಷೆಯಾದರೆ ಮಾತ್ರ. ಹೊಸ ಸಿಡಿಐ ಕೊಂಡು ಹಾಕಿದಾಗ ಗಾಡಿ ಸರಿಯಾದರೆ ಹಳೆಯದೇ ಕೆಟ್ಟಿತ್ತು ಎಂದು ಸಾಬೀತಾಗುವುದಿಲ್ಲ. ಕನೆಕ್ಟರ್ ಕಿತ್ತು ಮತ್ತೆ ಚುಚ್ಚುವಾಗ ಪಿನ್ನಿನ ಮೇಲಿನ ತುಕ್ಕು ಕೆರೆದುಹೋಗಿ ಕರೆಂಟ್ ಹರಿದಿರುತ್ತದೆ. ಹೆಸರು ಮಾತ್ರ ಹೊಸ ಪೆಟ್ಟಿಗೆಗೆ. ಹಳೆಯದನ್ನೇ ಮತ್ತೆ ಜೋಡಿಸಿ, ದೋಷ ಮರಳಿ ಬಂದರಷ್ಟೇ ತೀರ್ಪು ಕೊಡಬೇಕು.

ನಮ್ಮ ಭಾಗದ ಬಿಸಿಲು ಈ ಗೊಂದಲವನ್ನು ಹೆಚ್ಚಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ತಾಪ 42 ಡಿಗ್ರಿ ದಾಟುತ್ತದೆ, ಎಂಜಿನ್ ಪಕ್ಕದ ಶಾಖ ಅದಕ್ಕೂ ಬಹಳ ಮೇಲೆ. ಕಾಯಿಲಿನ ಸುತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟ ತಂತಿ ಬಿಸಿಯಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಕೂಡಿಕೊಳ್ಳುತ್ತದೆ. "ಹತ್ತು ಮೈಲು ಹೋದಮ್ಯಾಲ ಬಂದ್ ಬೀಳ್ತದ, ಅರ್ಧಾ ತಾಸು ನಿಂದ್ರಿಸಿದ್ರ ಮತ್ತ ಚಾಲೂ ಆಗ್ತದ" ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಆ ಗಾಡಿಯನ್ನು ಬೆಳಗಿನ ತಂಪಿನಲ್ಲಿ ಮಲ್ಟಿಮೀಟರ್ ಹಿಡಿದು ಅಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಂದ್ ಬಿದ್ದ ಗಳಿಗೆಯಲ್ಲೇ, ಬಿಸಿ ಇರುವಾಗಲೇ ಅಳೆಯಬೇಕು.

ಎಂಜಿನ್ ತಡವರಿಸಲು ದೋಷವೊಂದೇ ಕಾರಣವಲ್ಲ, ಲಿಮಿಟರೂ ಇದೆ. ಇದು ಕೆಟ್ಟುಹೋದ ಭಾಗವಲ್ಲ, ಬೇಕೆಂದೇ ಇಟ್ಟ ತಡೆ. ಆದರೆ ಸವಾರನ ಕಿವಿಗೆ ದೋಷವೂ ತಡೆಯೂ ಒಂದೇ. ಎಂಜಿನ್ ಮಿತಿಮೀರಿ ತಿರುಗಿದರೆ ವಾಲ್ವಿನ ಸ್ಪ್ರಿಂಗ್ ಕ್ಯಾಮಿನ ವೇಗಕ್ಕೆ ಸರಿದೂಗದೆ ವಾಲ್ವ್ ಪಿಸ್ಟನ್ನಿಗೆ ತಾಗಬಹುದು. ಅದಕ್ಕಾಗಿ ನಿಗದಿತ ಆರ್‌ಪಿಎಂ ಮುಟ್ಟಿದೊಡನೆ ಕಿಡಿಯನ್ನೋ ಪೆಟ್ರೋಲನ್ನೋ ಕಡಿಯುವ ಏರ್ಪಾಡಿದೆ. ರಸ್ತೆಯ ವೇಗಕ್ಕೆ ಹಾಕುವ ತಡೆ ಇನ್ನೊಂದು. ಜಪಾನಿನ ಕಂಪನಿಗಳು ತಮ್ಮ ದೇಶದೊಳಗೆ ಮಾರುವ ಬೈಕುಗಳಿಗೆ ಗಂಟೆಗೆ 180 ಕಿಲೋಮೀಟರಿನ ಮಿತಿ ಇಟ್ಟುಕೊಂಡಿದ್ದವು. 1999ರಲ್ಲಿ ಸುಜುಕಿ ಹಯಬೂಸಾ 300ರ ಗಡಿ ದಾಟಿದ ಮೇಲೆ ಹೊರದೇಶದ ಬೈಕುಗಳಿಗೂ 299ರ ಮಿತಿಯನ್ನು ಕಂಪನಿಗಳು ತಾವಾಗಿಯೇ ಒಪ್ಪಿಕೊಂಡವು. ಭಾರತದಲ್ಲಿ ವೇಗ ನಿಯಂತ್ರಕದ ಕಡ್ಡಾಯ ನಿಯಮ ಸಾರಿಗೆ ವಾಹನಗಳಿಗೆ ಬಂತು. ದ್ವಿಚಕ್ರ ವಾಹನಗಳನ್ನು ಅದರಿಂದ ಹೊರಗಿಟ್ಟರು. ಹಾಗಾಗಿ ನಮ್ಮ ಹುಡುಗರ ಬೈಕಿನಲ್ಲಿ ಎದುರಾಗುವುದು ಬಹುತೇಕ ಆರ್‌ಪಿಎಂ ಲಿಮಿಟರೇ.

ದೋಷವನ್ನೂ ತಡೆಯನ್ನೂ ಬೇರ್ಪಡಿಸಲು ಬೇಕಿರುವುದು ಯಂತ್ರವಲ್ಲ, ಗಮನ. ಎಲ್ಲ ಗೇರಿನಲ್ಲೂ ಅದೇ ಆರ್‌ಪಿಎಂಗೆ, ಗಡಿಯಾರ ಹಿಡಿದಂತೆ ಕಡಿತವಾದರೆ ಅದು ಆರ್‌ಪಿಎಂ ಲಿಮಿಟರ್. ಗೇರ್ ಯಾವುದಾದರೂ ಅದೇ ರಸ್ತೆ ವೇಗಕ್ಕೆ ನಿಂತರೆ ವೇಗದ ಲಿಮಿಟರನ್ನೂ ಸ್ಪೀಡ್ ಸೆನ್ಸರನ್ನೂ ನೋಡಬೇಕು. ಇರಬೇಕಾದ ಮಿತಿಗಿಂತ ಬಹಳ ಕೆಳಗೇ ಕಡಿತ ಬಂದರೆ ಗಾಡಿಯ ಕಂಪ್ಯೂಟರ್ ಆದ ಇಸಿಯು ಯಾವುದೋ ಸೆನ್ಸರಿನ ಮೇಲೆ ನಂಬಿಕೆ ಕಳೆದುಕೊಂಡು ತಾನೇ ಎಂಜಿನನ್ನು ಹಿಡಿದಿಟ್ಟಿರಬಹುದು. ಭಾರ ಬಿದ್ದಾಗ ಮಾತ್ರ "ಮಿಸ್ಸಿಂಗ್ ಹೊಡೆದರೆ" ಪ್ಲಗ್, ಪ್ಲಗ್ ಕ್ಯಾಪ್. ಮಳೆಯಲ್ಲಿ ಮಾತ್ರವಾದರೆ ಕ್ಯಾಪ್ ಮತ್ತು ಕಾಯಿಲಿನಿಂದ ಪ್ಲಗ್ಗಿಗೆ ಬರುವ ಎಚ್‌ಟಿ ವೈರ್. ಗುಂಡಿ ಹಾರಿದಾಗ ಮಾತ್ರವಾದರೆ ಹ್ಯಾಂಡಲ್ ಬುಡದ ವೈರಿಂಗ್. ಜೇವರ್ಗಿಯ ಎರೆ ಮಣ್ಣಿನಲ್ಲಿ ಮಳೆಗಾಲಕ್ಕೆ ಓಡಿದ ಗಾಡಿಯಾದರೆ, ಗೇರ್ ಹಾಕಿದೊಡನೆ ಎಂಜಿನ್ ಸತ್ತರೆ, ಮೊದಲು ಸೈಡ್ ಸ್ಟ್ಯಾಂಡ್ ಸ್ವಿಚ್ ತೊಳೆಯಬೇಕು. ಲಿಮಿಟರ್ ತೆಗೆಸಲು ರೇಸಿಂಗ್ ಸಿಡಿಐ ಹಾಕಿಸುವ ಚಟವನ್ನು ನಾನು ಒಪ್ಪಲಾರೆ. ಅದು ಎಂಜಿನಿನ ಕಾವಲನ್ನು ಕಿತ್ತುಹಾಕುವ ಕೆಲಸ. ಸಿಂದಗಿ ಕಡೆಯ ಹೆದ್ದಾರಿಯಲ್ಲಿ ಎತ್ತಿನ ಬಂಡಿ, ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರುವ ದಾರಿಗೆ ಅದರಿಂದ ಆಗುವ ಲಾಭವೂ ಇಲ್ಲ.

2008ರಲ್ಲಿ ಯಮಹಾ ಆರ್15 ಬಂದಾಗ 150 ಸಿಸಿ ಬೈಕಿಗೂ ಫ್ಯೂಯೆಲ್ ಇಂಜೆಕ್ಷನ್, ಇಸಿಯು ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮದೊಂದಿಗೆ ಇಂಜೆಕ್ಷನ್ ಎಲ್ಲೆಡೆ ಹಬ್ಬಿತು, ಗಾಡಿ ತನ್ನ ದೋಷವನ್ನು ತಾನೇ ದಾಖಲಿಸುವ ಒಬಿಡಿ ವ್ಯವಸ್ಥೆಯೂ ಕಡ್ಡಾಯವಾಯಿತು. ನನ್ನ ವಾದದ ತಿರುಳು ಇಲ್ಲಿದೆ. ಯಮಹಾದ ಹಲವು ಮಾದರಿಗಳಲ್ಲಿ ಮೀಟರಿನ ಎಚ್ಚರಿಕೆ ದೀಪ ಒಮ್ಮೆ ಉದ್ದಕ್ಕೆ, ಎರಡು ಸಲ ಗಿಡ್ಡಕ್ಕೆ ಮಿನುಗಿದರೆ ಅದು 12: ಕ್ರ್ಯಾಂಕ್ ಸೆನ್ಸರಿನ ಸಂಜ್ಞೆ ಬರುತ್ತಿಲ್ಲ. 33 ಆದರೆ ಇಗ್ನಿಷನ್ ಕಾಯಿಲಿನ ದಾರಿ. ಸಿಡಿಐ ಕಾಲದಲ್ಲಿ ಮರೆಯಾಗಿದ್ದ ಸುಳಿವು ಮತ್ತೆ ಕಣ್ಣೆದುರಿಗೆ ಬಂದಿದೆ. ಕೋಡ್ ಕೊಡುವುದು ದಾರಿಯನ್ನೇ ಹೊರತು ತೀರ್ಪನ್ನಲ್ಲ: 12 ಬಂದರೆ ಸೆನ್ಸರ್ ಸತ್ತಿರಬಹುದು, ಅದರ ವೈರ್ ಇಲಿ ಕಡಿದಿರಲೂಬಹುದು. ಅಲ್ಲಿಂದ ಮುಂದಿನ ಕೆಲಸ ಜಾವಾ ಕಾಲದ್ದೇ, ಕರೆಂಟ್ ಎಲ್ಲಿಯವರೆಗೆ ಬಂದು ನಿಂತಿತು ಎಂದು ತುಂಡು ತುಂಡಾಗಿ ನೋಡುವುದು.

ಆ ಸಂಖ್ಯೆಗಳ ಅರ್ಥ ಕಂಪನಿಯ ಇಂಗ್ಲಿಷ್ ಸರ್ವಿಸ್ ಮ್ಯಾನುಯಲ್ಲಿನಲ್ಲಿದೆ, ಸ್ಕ್ಯಾನರ್ ಷೋರೂಮಿನಲ್ಲಿದೆ ಎಂಬ ಆಕ್ಷೇಪಕ್ಕೆ ನನ್ನ ಬಳಿ ಎದುರು ಮಾತಿಲ್ಲ. ಅದು ನಿಜವಾದ ಅಡ್ಡಿ, ಆದರೆ ಯಂತ್ರ ಒಡ್ಡಿದ ಅಡ್ಡಿಯಲ್ಲ, ನಾವು ಒಡ್ಡಿದ್ದು. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ರಚಿಸಿತು, ಮೋಟಾರು ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಆ ಹಕ್ಕು ಆಳಂದದ ಗ್ಯಾರೇಜಿಗೆ ಮುಟ್ಟಬೇಕಾದರೆ ಕಂಪನಿಗಳು ತಮ್ಮ ದೋಷದ ಕೋಡುಗಳನ್ನೂ ವೈರಿಂಗ್ ನಕ್ಷೆಗಳನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಲಿ. ಕಲಬುರಗಿ ಜಿಲ್ಲೆಯ ಐಟಿಐಗಳು ಕೆಲಸದಲ್ಲಿರುವ ಮಿಸ್ತ್ರಿಗಳಿಗಾಗಿ ಸಂಜೆ ಹೊತ್ತು ಮಲ್ಟಿಮೀಟರ್ ಮತ್ತು ಸ್ಕ್ಯಾನರಿನ ತರಗತಿ ನಡೆಸಲಿ.