ತಡೆಯನ್ನಳೆದ ಉಪಾಧ್ಯಾಯ

ಮನೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆಯು ಕೆಲವೇ ನಿಮಿಷಗಳಲ್ಲಿ ಕೈಮುಟ್ಟಲಾಗದಷ್ಟು ಕಾಯುತ್ತದೆ. ಅದಕ್ಕೆ ಪ್ರವಾಹವನ್ನು ಒದಗಿಸುವ ತಾಮ್ರದ ತಂತಿಯಾದರೋ ಹೆಚ್ಚುಕಡಮೆ ತಣ್ಣಗೇ ಇರುತ್ತದೆ. ಎರಡರಲ್ಲಿಯೂ ಹರಿಯುವ ಪ್ರವಾಹ ಒಂದೇ. ಫಲ ಮಾತ್ರ ಬೇರೆ. ಇದಕ್ಕೆ ಕಾರಣವೇನು? ತಾಮ್ರದ ತಂತಿಯು ಪ್ರವಾಹಕ್ಕೆ ಒಡ್ಡುವ ತಡೆ ಅತ್ಯಲ್ಪ. ಪೆಟ್ಟಿಗೆಯೊಳಗಣ ಮಿಶ್ರಲೋಹದ ಸುರುಳಿಯು ಒಡ್ಡುವ ತಡೆ ಅದರ ನೂರಾರು ಮಡಿ. ಈ ತಡೆಗೆ ವಿದ್ಯುದ್ರೋಧವೆಂದು ಹೆಸರು. ಇದನ್ನು ನಿಯಮಕ್ಕೊಳಪಡಿಸಿದವನ ಚರಿತ್ರೆಯನ್ನು ಈ ಹೊತ್ತು ನಾವು ನೆನೆಯೋಣ.

ಗೇಯಾರ್ಗ್ ಸೈಮನ್ ಓಮನು ೧೭೮೯ರಲ್ಲಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದನು. ತಂದೆ ಬೀಗ ಮಾಡುವ ಕಮ್ಮಾರ. ಮಗನು ೧೮೧೭ರಿಂದ ಕೊಲೋನಿನ ಪ್ರೌಢಶಾಲೆಯೊಂದರಲ್ಲಿ ಗಣಿತವನ್ನೂ ಭೌತವಿಜ್ಞಾನವನ್ನೂ ಬೋಧಿಸುತ್ತಿದ್ದನು. ಆಗಿನ ವಿದ್ಯುತ್ಕೋಶಗಳ ಬಲವು ಗಳಿಗೆಗಳಿಗೆಗೂ ಏರಿಳಿಯುತ್ತಿದ್ದಿತು. ಮೊಳಕೋಲೇ ಕುಗ್ಗಿ ಹಿಗ್ಗುತ್ತಿದ್ದರೆ ಬಟ್ಟೆಯನ್ನು ಅಳೆಯುವುದೆಂತು? ಪೊಗೆನ್‌ಡಾರ್ಫನೆಂಬ ವಿದ್ವಾಂಸನ ಸಲಹೆಯಂತೆ ಓಮನು ಬಿಸ್ಮತ್ತನ್ನೂ ತಾಮ್ರವನ್ನೂ ಎರಡು ಕಡೆ ಕೂಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನ ಬಿಸಿಯಲ್ಲಿಯೂ ಮತ್ತೊಂದನ್ನು ಮಂಜಿನ ತಂಪಿನಲ್ಲಿಯೂ ಇರಿಸಿದನು. ಈ ಉಷ್ಣಭೇದದಿಂದ ಹುಟ್ಟಿದ ಬಲವು ಸ್ಥಿರವಾಗಿದ್ದಿತು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಅದಕ್ಕೆ ಸೇರಿಸಿ, ತೂಗುಬಿಟ್ಟ ಕಾಂತಸೂಜಿಯ ಮೂಲಕ ಪ್ರವಾಹವನ್ನು ಅಳೆದನು. ಇದು ನಡೆದುದು ೧೮೨೬ರಲ್ಲಿ. ಒತ್ತಡ ಇಮ್ಮಡಿಸಿದರೆ ಪ್ರವಾಹವೂ ಇಮ್ಮಡಿ. ರೋಧ ಇಮ್ಮಡಿಸಿದರೆ ಪ್ರವಾಹ ಅರ್ಧ: ಇದೇ ಅವನು ಕಂಡ ನಿಯಮ.

೧೮೨೭ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟವಾದ ಅವನ ಗ್ರಂಥಕ್ಕೆ ಸ್ವದೇಶದಲ್ಲಿ ತಕ್ಕ ಮನ್ನಣೆ ದೊರೆಯಲಿಲ್ಲ. ಬಯಸಿದ ವಿಶ್ವವಿದ್ಯಾನಿಲಯದ ಪೀಠವೂ ಸಿಕ್ಕಲಿಲ್ಲ. ಮನನೊಂದ ಓಮನು ಇದ್ದ ಕೆಲಸವನ್ನೂ ಬಿಟ್ಟನು. ೧೮೩೩ರಲ್ಲಿ ನ್ಯೂರೆಂಬರ್ಗಿನಲ್ಲಿ ಮತ್ತೆ ನೆಲೆ ದೊರೆಯಿತು. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಮ್ಯೂನಿಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿ ಕೈಗೂಡಿದುದು ೧೮೫೨ರಲ್ಲಿ. ಅದಾದ ಎರಡೇ ವರ್ಷಕ್ಕೆ ಅವನು ಕಾಲವಾದನು. ನಾವು ತರಗತಿಯಲ್ಲಿ ಕರಿಹಲಗೆಯ ಮೇಲೆ ಒಂದೇ ಗೆರೆಯಲ್ಲಿ ಬರೆದು ಮುಗಿಸುವ ನಿಯಮಕ್ಕೆ ಒಬ್ಬ ಉಪಾಧ್ಯಾಯನು ತೆತ್ತ ಬೆಲೆಯಿದು. ೧೮೮೧ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ರೋಧದ ಮಾನಕ್ಕೆ ಅವನ ಹೆಸರನ್ನೇ ಅಂಗೀಕರಿಸಿತು.

ಈ ನಿಯಮದ ಪ್ರಯೋಜನವನ್ನು ಮೈಸೂರು ದೇಶವೂ ಬಹುಬೇಗ ಕಂಡಿತು. ೧೯೦೨ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೨ ಮೈಲಿ ದೂರ ವಿದ್ಯುತ್ತನ್ನು ಒಯ್ಯಬೇಕಾಯಿತು. ಅಷ್ಟುದ್ದದ ತಂತಿಯ ರೋಧವನ್ನು ಇಲ್ಲವೆನಿಸಲು ಸಾಧ್ಯವಿಲ್ಲ. ಆದರೆ ಒಯ್ಯುವ ಶಕ್ತಿ ಅಷ್ಟೇ ಇದ್ದು ಒತ್ತಡವನ್ನು ಇಮ್ಮಡಿಸಿದರೆ ಪ್ರವಾಹ ಅರ್ಧವಾಗುತ್ತದೆ. ತಂತಿಯಲ್ಲಿ ಶಾಖವಾಗಿ ಸೋರಿಹೋಗುವ ಶಕ್ತಿಯು ಕಾಲುಭಾಗಕ್ಕಿಳಿಯುತ್ತದೆ. ಆದಕಾರಣ ಇಂಜಿನಿಯರುಗಳು ಹತ್ತಾರು ಸಾವಿರ ವೋಲ್ಟುಗಳ ಒತ್ತಡವನ್ನು ಆರಿಸಿಕೊಂಡರು.

ಹೀಗೆ ರೋಧವು ಇಸ್ತ್ರಿಪೆಟ್ಟಿಗೆಯ ಸುರುಳಿಯಲ್ಲಿದ್ದರೆ ಸೇವಕ, ದಾರಿಯಲ್ಲಿದ್ದರೆ ಸುಂಕದವನು. ಮನೆಯಲ್ಲಿಯೂ ಈ ವಿವೇಕ ಬೇಕು. ಸಡಿಲವಾದ ಜೋಡಣೆಯಲ್ಲಿ ರೋಧವು ಹೆಚ್ಚಿ ಆ ಸ್ಥಳವೇ ಕಾಯತೊಡಗುತ್ತದೆ. ತೆಳುತಂತಿಯೊಂದಕ್ಕೆ ಹಲವು ಉಪಕರಣಗಳನ್ನು ಹೊರಿಸಿದರೆ ಆ ತಂತಿಯೇ ಇಸ್ತ್ರಿಪೆಟ್ಟಿಗೆಯಾಗುತ್ತದೆ. ಗೋಡೆಯ ಗುಂಡಿ ಬೆಚ್ಚಗಾದುದನ್ನು ಕಂಡಾಗ ನಾವು ಅಲಕ್ಷ್ಯಮಾಡದೆ, ಮೊದಲು ಪ್ರವಾಹವನ್ನು ನಿಲ್ಲಿಸಿ, ಬಲ್ಲವರನ್ನು ಕರೆಯಿಸುವುದು ಕ್ಷೇಮ. ಓಮನ ನಿಯಮವು ಪುಸ್ತಕದಲ್ಲಿರುವಂತೆಯೇ ಆ ಗೋಡೆಯೊಳಗೂ ಇದೆ.