ಅಭಯಜಲವೂ ಮುಳುಗಿಸಿದ ಹಡಗುಗಳೂ

ಶೃಂಗೇರಿಯ ತುಂಗಾತೀರದ ಸೋಪಾನಗಳ ಮೇಲೆ ನಿಂತು ಮೀನುಗಳಿಗೆ ಒಂದು ಹಿಡಿ ಮಂಡಕ್ಕಿಯನ್ನೆರಚದೆ ಹಿಂದಿರುಗಿದವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ವಿರಳರೆಂದೇ ಹೇಳಬೇಕು. ಮೊಳದುದ್ದದ ಮಹಶೀರ್ ಮೀನುಗಳು ಒಂದರ ಬೆನ್ನಿನ ಮೇಲೊಂದು ಹೊರಳುತ್ತ ಕೈಗೆಟುಕುವಷ್ಟು ಸಮೀಪಕ್ಕೆ ಬರುವುವು. ಅದೇ ಜಾತಿಯ ಮೀನು ಕಾವಲಿಲ್ಲದ ಮಡುವಿನಲ್ಲಿ ಮನುಷ್ಯನ ನೆರಳು ಬಿದ್ದೊಡನೆ ಆಳಕ್ಕಿಳಿದುಬಿಡುವುದು. ನೀರು ಬೇರೆಯಲ್ಲ, ಮೀನು ಬೇರೆಯಲ್ಲ. ಭೇದವಿರುವುದು ದಡದ ಮೇಲಿನ ಮನುಷ್ಯನ ನಡತೆಯಲ್ಲಿ. ಇಲ್ಲಿ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ. ಬಿಸಿಲಿನಲ್ಲಿ ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಗೆ ಸರ್ಪವು ಹೆಡೆಯ ನೆರಳನ್ನಿತ್ತ ಕಥೆಯನ್ನು ಹೇಳುವ ಕಪ್ಪೆಶಂಕರನ ಗುಡಿಯೂ ಇದೇ ದಡದಲ್ಲಿರುವುದಷ್ಟೆ.

ಈ ಚಿರಪರಿಚಿತ ದೃಶ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಕಡಲಿನಲ್ಲಿ ಕೆಲವು ದಶಕಗಳಿಂದ ನಡೆಯುತ್ತಿರುವ ಒಂದು ವಿಲಕ್ಷಣ ಉದ್ಯಮದ ಚರಿತ್ರೆಯನ್ನು ಪರಿಶೀಲಿಸಬಹುದು. ಆಯುಸ್ಸು ತೀರಿದ ಹಡಗುಗಳನ್ನು ಕೊಂಡು, ತಿಂಗಳುಗಟ್ಟಲೆ ದುಡಿದು ಶುದ್ಧಗೊಳಿಸಿ, ಬುದ್ಧಿಪೂರ್ವಕವಾಗಿ ಮುಳುಗಿಸಿ, ಅವುಗಳನ್ನು ಮೀನುಗಳಿಗೆ ಮನೆಯನ್ನಾಗಿಯೂ ಮುಳುಗುಗಾರರಿಗೆ ವಿಹಾರಸ್ಥಾನವನ್ನಾಗಿಯೂ ಮಾಡುವುದೇ ಆ ಉದ್ಯಮ. ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು, ತೋಟ, ಗದ್ದೆಗಳನ್ನು ಕಳೆದುಕೊಂಡ ಭದ್ರಾತೀರದ ಮನೆತನಗಳಿಗೆ, ಮುಳುಗಿಸುವುದನ್ನು ಒಂದು ಉಪಕಾರವೆಂದು ಎಣಿಸುವವರೂ ಉಂಟೆಂಬುದು ವಿಚಿತ್ರವಾಗಿಯೇ ತೋರೀತು.

ಇದರ ತತ್ತ್ವವು ಸರಳವಾದುದು. ಸಮುದ್ರದ ತಳವು ಬಹುಮಟ್ಟಿಗೆ ಮರಳು ಅಥವಾ ಕೆಸರು. ಪಾಚಿಗೂ ಚಿಪ್ಪಿನ ಜೀವಿಗಳಿಗೂ ಹವಳದ ಹುಳುವಿಗೂ ಅಂಟಿಕೊಳ್ಳಲು ಗಟ್ಟಿಯಾದ ನೆಲೆ ಬೇಕು. ಅಂತಹ ನೆಲೆಯೊಂದು ಬಿದ್ದಿತೆಂದರೆ ಮೊದಲು ಇವು ಬಂದು ನೆಲೆಸುವುವು. ಇವನ್ನು ಮೇಯಲು ಸಣ್ಣ ಮೀನು, ಅದನ್ನು ತಿನ್ನಲು ದೊಡ್ಡ ಮೀನು ಬರುವುವು. ಮತ್ಸ್ಯನ್ಯಾಯವೆಂದು ಶಾಸ್ತ್ರಕಾರರು ಅರಾಜಕತೆಗೆ ಹೆಸರಿಟ್ಟರು. ಆದರೆ ಕಡಲಿನಲ್ಲಿ ಅದೇ ವ್ಯವಸ್ಥೆ.

ಈ ರಹಸ್ಯವನ್ನು ಬೆಸ್ತರು ಪಂಡಿತರಿಗಿಂತ ಮೊದಲೇ ಬಲ್ಲರು. ಕೇರಳದ ದಕ್ಷಿಣ ತೀರದಲ್ಲಿ ನೀರೊಳಗಿನ ಬಂಡೆಸಾಲಿಗೆ ‘ಪಾರು’ ಎಂದು ಹೆಸರು. ಯಂತ್ರದ ಟ್ರಾಲ್ ದೋಣಿಗಳು ತಳವನ್ನು ಗೋರಿ ಪಾರುಗಳನ್ನು ಕೆಡಿಸಿದ ಮೇಲೆ, 1980ರ ದಶಕದಲ್ಲಿ ತಿರುವನಂತಪುರದ ಸುತ್ತಣ ಬೆಸ್ತರು ಸರ್ಕಾರದ ದಾರಿಯನ್ನು ಕಾಯದೆ, ತಾವೇ ಹಣ ಕೂಡಿಸಿ, ಕಲ್ಲು ಮತ್ತು ಕಾಂಕ್ರೀಟನ್ನು ದೋಣಿಗಳಲ್ಲಿ ಸಾಗಿಸಿ, ಗುರುತಿನ ಸ್ಥಳಗಳಲ್ಲಿ ಕೆಡವಿ ಹೊಸ ಪಾರುಗಳನ್ನು ಕಟ್ಟಿದರು. ಅರ್ಥಶಾಸ್ತ್ರಜ್ಞ ಜಾನ್ ಕುರಿಯನ್ ಅವರು ಇದನ್ನು ಅಧ್ಯಯನಮಾಡಿ ಬರೆದಿದ್ದಾರೆ. ಹಡಗುಗಳ ಕಥೆಗಿಂತ ಇದು ಹೆಚ್ಚು ಕೀರ್ತನೀಯವಾದುದು. ಏಕೆಂದರೆ ಇವರು ವಿನೋದಕ್ಕಾಗಿ ಅಲ್ಲ, ಅನ್ನಕ್ಕಾಗಿ ಕಟ್ಟಿದರು.

ಹಡಗುಗಳ ವಿಷಯಕ್ಕೆ ಬಂದರೆ, ಕೆನಡಾ ದೇಶದ ಪಶ್ಚಿಮ ತೀರವಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1986ರಲ್ಲಿ ಸ್ಥಾಪಿತವಾದ ಕೃತಕ ಬಂಡೆ ಸಂಘವನ್ನು ಮುಖ್ಯವಾಗಿ ಹೇಳಬೇಕು. ಇದರ ಸದಸ್ಯರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. 1991ರಲ್ಲಿ ಜಿ. ಬಿ. ಚರ್ಚ್ ಎಂಬ ಸರಕಿನ ಹಡಗನ್ನೂ, ಮರುವರ್ಷ ಶೋಡಿಯೇರ್ ಎಂಬ ಯುದ್ಧನೌಕೆಯನ್ನೂ ಇವರು ಮುಳುಗಿಸಿದರು. ಬಳಿಕ ಮೆಕೆಂಜಿ, ಕೊಲಂಬಿಯಾ, ಸಸ್ಕಾಚೆವಾನ್, ಕೇಪ್ ಬ್ರೆಟನ್‌ಗಳ ಸರದಿ ಬಂದಿತು. 2015ರ ವೇಳೆಗೆ ಏಳು ಹಡಗುಗಳೂ, ಅವುಗಳ ಜೊತೆಗೆ ಒಂದು ವಿಮಾನವೂ ಸಮುದ್ರವಾಸಿಗಳಾಗಿದ್ದುವು.

ಮುಳುಗಿಸುವುದೆಂದರೆ ರಂಧ್ರವನ್ನು ಕೊರೆದು ಕೈತೊಳೆದುಕೊಳ್ಳುವುದೆಂದು ವಾಚಕರು ಭಾವಿಸಬಾರದು. ಎಂಜಿನ್ನುಗಳ ಎಣ್ಣೆಯನ್ನು ಒರಸಿ ತೆಗೆಯಬೇಕು. ಮೈಲುಗಟ್ಟಲೆ ತಂತಿಗಳನ್ನು ಕಿತ್ತು ಹಾಕಬೇಕು. ತೇಲುವ ವಸ್ತುಗಳನ್ನೂ ವಿಷವಸ್ತುಗಳನ್ನೂ ಹೊರಕ್ಕೆ ಸಾಗಿಸಬೇಕು. ಬಾಗಿಲುಗಳನ್ನು ಕಳಚಿ, ಪಕ್ಕಗಳಲ್ಲಿ ದೊಡ್ಡ ದೊಡ್ಡ ಕಂಡಿಗಳನ್ನು ಕತ್ತರಿಸಬೇಕು. ಇಲ್ಲದಿದ್ದರೆ ಒಳಹೊಕ್ಕ ಮುಳುಗುಗಾರನು ಬೆಳಕಿಲ್ಲದೆ ದಾರಿತಪ್ಪಿ ಅಲ್ಲಿಯೇ ಸಾಯುವನು. ಕಿತ್ತ ತಾಮ್ರವನ್ನೂ ಹಿತ್ತಾಳೆಯನ್ನೂ ಮಾರಿ ಬಂದ ಹಣವೇ ಖರ್ಚಿನ ಒಂದು ಭಾಗಕ್ಕೆ ಆಧಾರ. ಕೊನೆಯಲ್ಲಿ ಅಳೆದು ಇಟ್ಟ ಸಿಡಿಮದ್ದಿನಿಂದ ತಳವನ್ನು ಸೀಳುವರು. ವರ್ಷಗಟ್ಟಲೆಯ ಕೆಲಸವು ಕೆಲವು ನಿಮಿಷಗಳಲ್ಲಿ ಕಣ್ಮರೆಯಾಗುವುದು.

ಎಲ್ಲವೂ ಎಣಿಸಿದಂತೆ ನಡೆಯುವುದೂ ಇಲ್ಲ. ಅಮೆರಿಕದ ಫ್ಲಾರಿಡಾ ತೀರದಲ್ಲಿ 2002ರ ಮೇ ತಿಂಗಳಿನಲ್ಲಿ ಸ್ಪೀಗಲ್ ಗ್ರೋವ್ ಎಂಬ ನೌಕೆಯು ಮುಹೂರ್ತಕ್ಕೆ ಮುಂಚೆಯೇ ಮುಳುಗಿ, ತಲೆಕೆಳಗಾಗಿ ನಿಂತುಬಿಟ್ಟಿತು. ಜನರು ಬಹಳ ಶ್ರಮಪಟ್ಟು ಅದನ್ನು ಮಗ್ಗುಲಿಗೆ ಹೊರಳಿಸಿದರು. 2005ರ ಚಂಡಮಾರುತವೊಂದು ಒಂದು ಕಾಸನ್ನೂ ತೆಗೆದುಕೊಳ್ಳದೆ ನೆಟ್ಟಗೆ ನಿಲ್ಲಿಸಿತು. ಅದೇ ಫ್ಲಾರಿಡಾದಲ್ಲಿ 1970ರ ದಶಕದಲ್ಲಿ ಮೀನಿನ ಹಿತದ ಹೆಸರಿನಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಡಲಿಗೆ ಕೆಡವಿದರು. ಕಟ್ಟುಗಳು ಬಿಚ್ಚಿಹೋಗಿ ಟೈರುಗಳು ಅಲೆಗಳೊಡನೆ ಉರುಳಾಡಿ ಪಕ್ಕದ ನೈಜ ಹವಳದ ದಿಬ್ಬವನ್ನೇ ಉಜ್ಜಿ ಕೆಡಿಸಿದುವು. ಮುಂದಿನ ತಲೆಮಾರಿನವರು ಅವನ್ನು ಹೆಕ್ಕಿ ತೆಗೆಯಬೇಕಾಯಿತು. ಕಸವನ್ನು ಎಸೆಯುವವನು ತನ್ನನ್ನು ದಾನಿಯೆಂದು ಕರೆದುಕೊಂಡರೆ ಆಗುವುದು ಹೀಗೆ.

ಕೆನಡಾದ ಸಂಘಕ್ಕೂ ಇಂತಹ ಸಂದೇಹವನ್ನು ಎದುರಿಸಬೇಕಾಯಿತು. 1964ರಲ್ಲಿ ಸೇವೆಗೆ ಸೇರಿದ್ದ ಅನಾಪೊಲಿಸ್ ಎಂಬ ನೌಕೆಯನ್ನು ಅದು 2008ರಲ್ಲಿ ಕೊಂಡಿತು. ಹಡಗಿನಲ್ಲಿ ಪಿ.ಸಿ.ಬಿ. ಎಂಬ ವಿಷವಸ್ತುವು ಕಂಡುಬಂದುದರಿಂದ ಶುದ್ಧೀಕರಣವು ದೀರ್ಘವಾಯಿತು. ಮುಳುಗಿಸಲು ಗೊತ್ತಾಗಿದ್ದ ಹ್ಯಾಲ್ಕೆಟ್ ಕೊಲ್ಲಿಯ ನಿವಾಸಿಗಳು, ಹೊರಮೈಯ ಹಳೆಯ ಬಣ್ಣದಲ್ಲಿಯೂ ವಿಷವುಂಟೆಂದು ವಾದಿಸಿ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯವು ಅವರ ಪ್ರಾರ್ಥನೆಯನ್ನು ಒಪ್ಪಲಿಲ್ಲ. 2015ರ ಏಪ್ರಿಲ್ 4ರಂದು ಹಡಗು ತಳಸೇರಿತು. ಎರಡು ಪಕ್ಷದವರೂ ಸಂಬಳವಿಲ್ಲದವರು, ಎರಡು ಪಕ್ಷದವರೂ ಅದೇ ನೀರಿನ ಹಿತವನ್ನು ಬಯಸಿದವರು. ತೀರ್ಪು ಏನೇ ಇರಲಿ, ಆ ನಿವಾಸಿಗಳ ಪ್ರಶ್ನೆಯು ನ್ಯಾಯವಾದ ಪ್ರಶ್ನೆಯೇ.

ಇದಕ್ಕಿಂತ ಆಳವಾದ ಇನ್ನೊಂದು ಪ್ರಶ್ನೆಯುಂಟು. ಕೃತಕ ಬಂಡೆಯಿಂದ ಮೀನು ಹೆಚ್ಚುವುದೋ, ಅಥವಾ ಅಲ್ಲಲ್ಲಿ ಚೆದುರಿದ್ದ ಮೀನು ಒಂದೆಡೆ ಕೂಡುವುದೋ? ವಿದ್ವಾಂಸರಲ್ಲಿ ಈ ವಿಷಯದಲ್ಲಿ ದೀರ್ಘಕಾಲದಿಂದ ವಾದವಿದೆ. ಕೂಡುವುದು ಮಾತ್ರವೇ ಆಗಿದ್ದರೆ ಹಿಡಿಯುವವನಿಗೆ ಅನುಕೂಲ, ಮೀನಿಗೆ ಮೃತ್ಯು. ಕನ್ನಡನಾಡಿನ ಕರಾವಳಿಯಲ್ಲಿಯೇ ಇದಕ್ಕೆ ನಿದರ್ಶನವುಂಟು. ಕಪ್ಪೆ ಬೊಂಡಾಸವು ಮೊಟ್ಟೆಯಿಡಲು ಆಸರೆಯನ್ನು ಹುಡುಕುವ ಕಾಲದಲ್ಲಿ, ತೆಂಗಿನ ಗರಿ ಮೊದಲಾದುವನ್ನು ಕಟ್ಟಿ ಮರಳಿನ ಚೀಲಗಳ ಭಾರದಿಂದ ಕಡಲಿಗಿಳಿಸುವರು. ಆಸರೆಯೆಂದು ನಂಬಿ ಬಂದ ತಾಯಂದಿರನ್ನು ಅಲ್ಲಿಯೇ ಹಿಡಿಯುವರು. ಮೊಟ್ಟೆಗಳೂ ಅವುಗಳೊಡನೆ ಹಾಳಾಗುವುವು. ಮಲೆನಾಡಿನವರು ಇದನ್ನು ಕೇಳಿ ಕರಾವಳಿಯವರನ್ನು ಹಳಿಯಬೇಕಾಗಿಲ್ಲ. ಮುಂಗಾರಿನ ಮೊದಲ ನೀರಿಗೆ ಬಸಿರುಹೊತ್ತು ಹಳ್ಳವನ್ನೇರುವ ಹತ್ತುಮೀನನ್ನು ಕತ್ತಿ, ಕೂಳಿಗಳೊಡನೆ ರಾತ್ರಿಯೆಲ್ಲ ಕಾದು ಹಿಡಿಯುವವರು ಇಲ್ಲಿಯವರೇ.

ಹಾಗಾದರೆ ಆಶ್ರಯವೆಂಬುದು ಕಬ್ಬಿಣದಿಂದಲೋ ಕಲ್ಲಿನಿಂದಲೋ ಆಗುವುದಲ್ಲ. ಇಲ್ಲಿ ಕೊಲ್ಲಬಾರದೆಂಬ ಕಟ್ಟಳೆಯಿಂದ ಆಗುವುದು. ಈ ವಿವೇಕವು ಈ ದೇಶಕ್ಕೆ ಹೊಸತಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸೂನಾಧ್ಯಕ್ಷನ ಪ್ರಕರಣವು ಅಭಯವನದ ವಿಷಯದಿಂದಲೇ ಆರಂಭವಾಗುವುದು. ಅಭಯವನ್ನು ಪಡೆದ ಮೃಗ, ಪಶು, ಪಕ್ಷಿಗಳನ್ನು ಹಿಂಸಿಸಿದವನಿಗೆ ವಿಧಿಸಿರುವ ಉತ್ತಮದಂಡವನ್ನು ಮೀನನ್ನು ಹಿಂಸಿಸಿದವನಿಗೂ ವಿಧಿಸಿದೆ. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಾದರೋ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನುಗಳ ಬಗೆ, ಅವಕ್ಕೆ ಹಾಕುವ ಆಹಾರ, ಗಾಳದ ಕ್ರಮ ಎಲ್ಲವನ್ನೂ 12ನೆಯ ಶತಮಾನದ ಆ ಅರಸನು ವರ್ಣಿಸಿದ್ದಾನೆ. ಆಹಾರವನ್ನೆರಚುವ ಕೈ ಅಭಯವನ್ನೂ ಕೊಡಬಹುದು, ಗಾಳವನ್ನೂ ಹಿಡಿಯಬಹುದು.

ಶೃಂಗೇರಿಯ ಮಡುವಿನಲ್ಲಿ ಯಾರೂ ಏನನ್ನೂ ಮುಳುಗಿಸಲಿಲ್ಲ. ದೇವರ ಮೀನೆಂಬ ಒಂದು ಭಾವನೆಯೇ ಅಲ್ಲಿ ಬೇಲಿ. ಆ ಬೇಲಿಯು ಎಷ್ಟು ತೆಳುವಾದುದೆಂಬುದನ್ನು ಘಟ್ಟದ ಕೆಳಗಿನ ಶಿಶಿಲವು ತೋರಿಸಿಕೊಟ್ಟಿತು. ಬೆಳ್ತಂಗಡಿ ತಾಲೂಕಿನ ಆ ಊರಿನ ಶಿಶಿಲೇಶ್ವರನ ಸನ್ನಿಧಿಯಲ್ಲಿ, ಕಪಿಲಾನದಿಯಲ್ಲಿ, ಶೃಂಗೇರಿಯಂತೆಯೇ ಮೀನುಗಳನ್ನು ಸಾಕಿಕೊಂಡು ಬಂದಿದ್ದರು. 1996ರಲ್ಲಿ ದುಷ್ಟರು ನೀರಿಗೆ ವಿಷ ಹಾಕಿದರು. ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದುವು. ಊರವರು ಅವುಗಳಿಗೆ ಒಂದು ಸ್ಮಾರಕವನ್ನು ಕಟ್ಟಿದರು. ಉಳಿದ ಮೀನುಗಳನ್ನು ಮತ್ತೆ ಕಾಯತೊಡಗಿದರು. ತುಂಗೆಯ ದಡದಲ್ಲಿಯೂ ಕಾವಲಿರುವುದು ಕೆಲವೇ ಮಾರುಗಳಷ್ಟು ದೂರ. ಮಳೆಗಾಲದಲ್ಲಿ ಕಪ್ಪೆಶಂಕರನ ಗುಡಿಯು ಮುಳುಗುವಷ್ಟು ನೀರು ಬಂದಾಗ ಮೀನಿಗೆ ಎಲ್ಲೆ ತಿಳಿಯುವುದಿಲ್ಲ.

ಈಗ ಹಡಗು ಮುಳುಗಿಸುವ ವಿದ್ಯೆಯು ಕನ್ನಡನಾಡಿನ ನೆರೆಗೂ ಬಂದಿದೆ. ಪೋಲೆಂಡಿನಲ್ಲಿ ಕಟ್ಟಲ್ಪಟ್ಟು 1985ರಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿದ್ದ ಗುಲ್ದಾರ್ ಎಂಬ ನೌಕೆಯು 2024ರ ಜನವರಿಯಲ್ಲಿ ನಿವೃತ್ತವಾಯಿತು. ಯೋಧರನ್ನೂ ಯುದ್ಧರಥಗಳನ್ನೂ ದಡಕ್ಕಿಳಿಸುತ್ತಿದ್ದ ಹಡಗದು. 2025ರ ಫೆಬ್ರವರಿಯಲ್ಲಿ ಕಾರವಾರದ ನೌಕಾನೆಲೆಯಲ್ಲಿ ಅದನ್ನು ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮಕ್ಕೆ ಒಪ್ಪಿಸಿದರು. ಸಿಂಧುದುರ್ಗದ ನಿವತಿ ಬಂಡೆಗಳ ಬಳಿ ಮುಳುಗಿಸಿ, ನೀರೊಳಗಿನ ವಸ್ತುಸಂಗ್ರಹಾಲಯವನ್ನಾಗಿಯೂ ಕೃತಕ ಬಂಡೆಯನ್ನಾಗಿಯೂ ಮಾಡಬೇಕೆಂಬುದು ಉದ್ದೇಶ. ಅದೇ ಕಾರವಾರದಲ್ಲಿ ಚಪಲ್ ಎಂಬ ನಿವೃತ್ತ ನೌಕೆಯನ್ನು 2006ರಲ್ಲಿ ಕಡಲದಂಡೆಯ ಮೇಲೆ ನಿಲ್ಲಿಸಿ ಜನರಿಗೆ ತೋರಿಸಲಾಯಿತು. ಅದಕ್ಕೆ ಬೇಕಾದುದು ಬಣ್ಣ ಮತ್ತು ಒಬ್ಬ ಕಾವಲುಗಾರ. ಗುಲ್ದಾರಿನ ಕೆಲಸವು ಕೆನಡಾದಂತೆ ಸ್ವಯಂಸೇವಕರದಲ್ಲ, ಸರ್ಕಾರದ್ದು. ಆದುದರಿಂದ ಹಣಕ್ಕೆ ಕೊರತೆಯಾಗಲಿಕ್ಕಿಲ್ಲ. ಆದರೆ ಹಡಗಿನ ಸುತ್ತ ಎಷ್ಟು ಮಾರು ದೂರದವರೆಗೆ ಬಲೆ ಬೀಸಬಾರದು, ಅದನ್ನು ಪ್ರತಿದಿನವೂ ನೋಡಿಕೊಳ್ಳುವವರು ಯಾರು ಎಂಬುದನ್ನು ಆ ತೀರದ ಬೆಸ್ತರೊಡನೆ ಕುಳಿತು ಗೊತ್ತುಮಾಡುವ ಕೆಲಸಕ್ಕೆ ಸಿಡಿಮದ್ದೂ ಬೇಡ, ಹಡಗೂ ಬೇಡ.