ಶೋಲದ ಹಕ್ಕಿ, ದೊರೆಗಳ ನಾಯಿ

ನಮ್ಮ ನೀಲಗಿರಿಯ ಮೇಲ್ಬೆಟ್ಟದಲ್ಲಿ ಎಲೆಯುದುರುವ ಕಾಲವೆಂಬುದಿಲ್ಲ. ಕಣಿವೆಗಳ ಶೋಲ ಕಾಡು ವರ್ಷವಿಡೀ ಹಸಿರು. ಹಿಂಗಾರು ಮಳೆ ಬಂದು ಮಂಜು ಕವಿಯುವ ಹೊತ್ತಿಗೆ ಹಿಮಾಲಯದ ಕಡೆಯಿಂದ ಇಲ್ಲಿಗೊಬ್ಬ ಅತಿಥಿ ಬರುತ್ತಾನೆ. ಇಂಗ್ಲಿಷರು ವುಡ್‌ಕಾಕ್ ಎಂದು ಕರೆದ ಹಕ್ಕಿ ಅದು. ತೂಕ ಸುಮಾರು 300 ಗ್ರಾಂ, ಉದ್ದ ಕೊಕ್ಕು, ತರಗೆಲೆಯ ಬಣ್ಣ. ಹಗಲೆಲ್ಲ ತರಗೆಲೆಯ ನಡುವೆ ಕದಲದೆ ಕೂರುತ್ತದೆ. ಕತ್ತಲಾದ ಮೇಲೆ ತೇವದ ಮಣ್ಣಿಗೆ ಕೊಕ್ಕು ಚುಚ್ಚಿ ಎರೆಹುಳು ಹೆಕ್ಕುತ್ತದೆ. ಕಾಲಬುಡದಲ್ಲಿದ್ದರೂ ಮನುಷ್ಯನ ಕಣ್ಣಿಗೆ ಬೀಳದು. ಅದನ್ನು ಹುಡುಕಲು ನಾಯಿಯ ಮೂಗೇ ಬೇಕು.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟ ಹತ್ತಿದ. ಉದಕಮಂಡಲ ಊರಾಗಿ ಬೆಳೆದಂತೆ ದೊರೆಗಳ ಜೊತೆಗೆ ಅವರ ಕೋವಿ, ನಾಯಿಗಳೂ ಬಂದವು. ಪಾಯಿಂಟರ್, ಸೆಟರ್ ಜಾತಿಯ ನಾಯಿ ವಾಸನೆ ಹಿಡಿದೊಡನೆ ಹಕ್ಕಿಯ ಮೇಲೆ ಹಾರುವುದಿಲ್ಲ. ಮೂಗನ್ನು ಹಕ್ಕಿಯತ್ತ ಚಾಚಿ ಕಂಬದಂತೆ ನಿಲ್ಲುತ್ತದೆ. ಬಯಲಿನಲ್ಲಿ ಇದು ಸೊಗಸು. ದಟ್ಟ ಕಾಡಿನಲ್ಲಿ ನಿಂತ ನಾಯಿಯೇ ಕಾಣದು. ಯುರೋಪಿನ ಕಾಡುಗಳಲ್ಲಿ ಅದರ ಕೊರಳಿಗೆ ಗಂಟೆ ಕಟ್ಟುತ್ತಿದ್ದರು; ಗಂಟೆಯ ಸದ್ದು ನಿಂತರೆ ಹಕ್ಕಿ ಸಿಕ್ಕಿತೆಂದು ಅರ್ಥ. ಶೋಲದಂಥ ಪೊದೆಗಾಡಿಗೆ ಹಕ್ಕಿಯನ್ನು ಎಬ್ಬಿಸುವ ಸ್ಪೇನಿಯಲ್ ನಾಯಿ, ಪೊದೆ ಬಡಿದು ಸೋವುವ ಸ್ಥಳೀಯ ಆಳುಗಳು ಹೆಚ್ಚು ಅನುಕೂಲ. ದೊರೆಗಳ ಬೇಟೆ ಪುಸ್ತಕಗಳಲ್ಲಿ ಬಿದ್ದ ಹಕ್ಕಿಗಳ ಲೆಕ್ಕವಿದೆ. ಸೋವಿದವರ ಹೆಸರು ಸಿಗುವುದು ಅಪರೂಪ.

ಬೇಟೆ ಕಡಿಮೆಯಾಗುತ್ತಿರುವುದನ್ನು ಬೇಟೆಗಾರರೇ ಕಂಡುಕೊಂಡರು. 1877ರಲ್ಲಿ ನೀಲಗಿರಿ ಗೇಮ್ ಅಸೋಸಿಯೇಷನ್ ಹುಟ್ಟಿತು. 1879ರಲ್ಲಿ ಮದರಾಸು ಸರಕಾರ ನೀಲಗಿರಿಯ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಕಾಯಿದೆ ಮಾಡಿತು. ಬೇಟೆಯಾಡಬಾರದ ತಿಂಗಳುಗಳನ್ನು ನಿಗದಿ ಮಾಡುವ ಅಧಿಕಾರ ಅದರಿಂದ ಬಂತು. ಕಾಡುಪ್ರಾಣಿಗಳಿಗಾಗಿ ಆದ ಹಳೆಯ ಕಾಯಿದೆಗಳಲ್ಲಿ ಅದೂ ಒಂದು.

ಆದರೆ ಆ ಕಾಯಿದೆ ಕಟ್ಟಿದ್ದು ಕೋವಿಯ ಕೈಯನ್ನು, ಕೊಡಲಿಯ ಕೈಯನ್ನಲ್ಲ. ಸೌದೆಗೆಂದು ಶೋಲ ಕಡಿದರು. ಕಾಫಿಗೆ, ಟೀಗೆ ಇಳಿಜಾರು ಬೋಳಿಸಿದರು. ಸೌದೆಯ ಕೊರತೆ ತುಂಬಲು ಆಸ್ಟ್ರೇಲಿಯಾದ ಮರಗಳನ್ನು ನೆಟ್ಟರು. ಕನ್ನಡದಲ್ಲಿ ನಾವು ‘ನೀಲಗಿರಿ ಮರ’ ಎನ್ನುವುದು ಈ ನೀಲಗಿರಿಯದ್ದಲ್ಲ, ಆಸ್ಟ್ರೇಲಿಯಾದ್ದು! ಅಕೇಶಿಯ ಹುಲ್ಲುಗಾವಲಿಗೂ ಹಬ್ಬಿತು. ಹಕ್ಕಿಗೆ ಬೇಕಾದ ತೇವದ ನೆಲ, ಕೊಳೆತೆಲೆಯ ಹಾಸು ಕುಗ್ಗುತ್ತ ಹೋಯಿತು.

ಮುಂದೆ 1972ರ ವನ್ಯಜೀವಿ ಕಾಯಿದೆ ಬಂತು. 1991ರ ತಿದ್ದುಪಡಿಯಿಂದ ಬೇಟೆಯ ಪರವಾನಗಿಯೂ ನಿಂತಿತು. ಶೋಲ, ಹುಲ್ಲುಗಾವಲುಗಳಿರುವ ಮುಕುರ್ತಿ 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆ ಅತಿಥಿ ಇಂದಿಗೂ ಚಳಿಗಾಲದಲ್ಲಿ ನಮ್ಮ ಶೋಲಗಳಿಗೆ ಬರುವುದುಂಟು. ಅವನಿಗೆ ಈಗ ಕೋವಿಯ ಭಯವಿಲ್ಲ. ಇಳಿಯಲು ನೆಲ ಉಳಿದಿದೆಯೇ ಎಂಬುದನ್ನು ನೋಡಿಕೊಳ್ಳಬೇಕಾದವರು ಬೆಟ್ಟದಲ್ಲಿರುವ ನಾವು.